ಇಂದಿನ ಧಮ್ಮ ಚಿಂತನೆ: ಎರಡು ಬೆರಳಿನ ಬುದ್ಧಿ



ಕಳೆದ ಭಾನುವಾರ ಬಿನ್ನಿಪೇಟೆಯ ನಮ್ಮ ಓದಿನ ಕೂಟದಲ್ಲಿ ಸೋಮಾ ಥೇರಿಯ ಪ್ರಸಂಗ ಓದಿದೆವು. ಬರಲಾಗದವರಿಗಾಗಿ ಮೊದಲು ಅದನ್ನು ಹೇಳುತ್ತೇನೆ.

ಇದು ಸಂಯುತ್ತ ನಿಕಾಯದ ಭಿಕ್ಖುನಿ ಸಂಯುತ್ತದಲ್ಲಿದೆ. ಶ್ರಾವಸ್ತಿಯಲ್ಲಿ ಭಿಕ್ಷೆ ಮುಗಿಸಿದ ಸೋಮಾ ಅಂಧವನದ ಒಂದು ಮರದ ಕೆಳಗೆ ಕೂರುತ್ತಾಳೆ. ಮಾರ ಬಂದು ಅವಳ ಮನಸ್ಸು ಕೆಡಿಸಲು ನೋಡುತ್ತಾನೆ. ಋಷಿಗಳಿಗೇ ಕಷ್ಟವಾದ ಸ್ಥಾನ ಎರಡು ಬೆರಳಿನ ಬುದ್ಧಿಯ ಹೆಂಗಸಿಗೆ ದಕ್ಕುವುದುಂಟೆ ಎಂಬುದು ಅವನ ಮಾತಿನ ತಾತ್ಪರ್ಯ. ಸೋಮಾ ಹೆದರಲಿಲ್ಲ. ಮನಸ್ಸು ನೆಲೆ ನಿಂತು ಅರಿವು ಮೂಡುತ್ತಿರುವಾಗ ಹೆಣ್ಣುತನ ಏನು ಮಾಡೀತು, ನಾನು ಹೆಣ್ಣು, ನಾನು ಗಂಡು ಎಂದುಕೊಳ್ಳುವವರ ಹತ್ತಿರ ಹೋಗಿ ಮಾತಾಡು ಎಂಬ ಅರ್ಥದಲ್ಲಿ ಉತ್ತರಿಸಿದಳು. ಮಾರ ಮುಖ ಸಣ್ಣದು ಮಾಡಿಕೊಂಡು ಹೋದ.

ಈ 'ಎರಡು ಬೆರಳು' ಏನು? ಅಟ್ಠಕಥೆಯ ವಿವರಣೆ ಹೀಗಿದೆ: ಹೆಂಗಸರು ಏಳೆಂಟು ವರ್ಷದವರಿದ್ದಾಗಿನಿಂದ ಅನ್ನ ಬೇಯಿಸುತ್ತಾರೆ, ಆದರೂ ಬೆಂದಿದೆಯೋ ಇಲ್ಲವೋ ತಿಳಿಯಲು ಅಗುಳನ್ನು ಎರಡು ಬೆರಳಲ್ಲಿ ಹಿಸುಕಿಯೇ ನೋಡಬೇಕು. (ಒಂದು ಅಗುಳಿನಿಂದ ಇಡೀ ಪಾತ್ರೆಯ ಸ್ಥಿತಿ ಹೇಳುವುದನ್ನು ಕನ್ನಡ ಮೇಷ್ಟ್ರುಗಳಾದ ನಾವು 'ಸ್ಥಾಲೀಪುಲಾಕ ನ್ಯಾಯ' ಎಂದು ಹೊಗಳಿ ಪಾಠ ಮಾಡುತ್ತೇವೆ. ಪಂಡಿತ ಮಾಡಿದರೆ ನ್ಯಾಯ, ಅಮ್ಮ ಮಾಡಿದರೆ ದಡ್ಡತನ!) ಇನ್ನೊಂದನ್ನೂ ಗಮನಿಸಿ. ಏಳು ವರ್ಷದ ಹುಡುಗಿಯನ್ನು ಒಲೆಯ ಮುಂದೆ ಕೂರಿಸಿದವರು ಯಾರು? ಮೊದಲು ಕೂರಿಸುವುದು, ಆಮೇಲೆ ಅವಳಿಗೆ ಒಲೆ ಬಿಟ್ಟು ಬೇರೇನೂ ತಿಳಿಯದು ಎನ್ನುವುದು. ಜಾತಿ ನಮ್ಮ ಹಿರಿಯರಿಗೆ ಮಾಡಿದ್ದೂ ಇದನ್ನೇ ಅಲ್ಲವೇ? ಕಸ ಗುಡಿಸಲು ಹಚ್ಚಿ, ಕಸ ಗುಡಿಸುವವರು ಎಂದು ದೂರ ಇಟ್ಟರು.

ಇಷ್ಟು ವಿವರಿಸಿ ನಾನು ಉತ್ಸಾಹದಲ್ಲಿದ್ದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಒಳಗಿರೋ ಆಂಟಿಯರಿಗೂ ಇದು ಕೇಳಿಸ್ತಿದೆಯಾ?"

ಒಳಗೆ ಮೂವರು ಉಪಾಸಿಕೆಯರು ಟೀ ಲೋಟ ತೊಳೆಯುತ್ತಿದ್ದರು. ನಲ್ಲಿಯ ಸದ್ದು ನಮಗೆ ಕೇಳುತ್ತಿತ್ತು, ನಮ್ಮ ಪಾಠ ಅವರಿಗೆ ಕೇಳುತ್ತಿರಲಿಲ್ಲ.

ಇದು ನಮ್ಮ ಕೂಟದ್ದೊಂದೇ ಕಥೆಯಲ್ಲ. ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರ 2019ರಲ್ಲಿ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು 100ಕ್ಕೆ 81, ಗಂಡಸರು 26. ಹಾಗೆ ಮಾಡುವವರಲ್ಲೂ ಹೆಂಗಸರದು ದಿನಕ್ಕೆ 299 ನಿಮಿಷ, ಗಂಡಸರದು 97 ನಿಮಿಷ. 299 ನಿಮಿಷ ಎಂದರೆ ಹತ್ತಿರ ಹತ್ತಿರ ಐದು ಗಂಟೆ.

ನಮ್ಮ ಮನೆಯದನ್ನೇ ಹೇಳುತ್ತೇನೆ. ನಮ್ಮಪ್ಪ ಬಿನ್ನಿ ಮಿಲ್ ಕಾರ್ಮಿಕರು. 1884ರಲ್ಲಿ ಶುರುವಾದ ಆ ಮಿಲ್‌ನಿಂದಲೇ ನಮ್ಮ ಪೇಟೆಗೆ ಈ ಹೆಸರು. ಅಪ್ಪನದು 'ಕೆಲಸ'. ಅದಕ್ಕೆ ಪಾಳಿ ಇತ್ತು, ಪಿಎಫ್ ಇತ್ತು, ಸಂಘ ಇತ್ತು. ಅಮ್ಮ ಮತ್ತು ಅಕ್ಕ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು, ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಬೆಳಿಗ್ಗೆ ನೀರು ಹಿಡಿದು, ಅಡುಗೆ ಮುಗಿಸಿ ಮಣೆ ಮುಂದೆ ಕೂತರೆ ಸಂಜೆಗೆ ಅಂಗೈ ಕಪ್ಪು. ಅದಕ್ಕೆ ನಾವು 'ಬಿಡುವಿನಲ್ಲಿ ಮಾಡೋದು' ಎನ್ನುತ್ತಿದ್ದೆವು. ಅವರಿಗೆ ಬಿಡುವು ಯಾವಾಗ ಇತ್ತೋ ನನಗೆ ಈಗಲೂ ಗೊತ್ತಿಲ್ಲ. ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟಳು. ನಾನು ಕನ್ನಡ ಎಂ.ಎ. ಮಾಡಿದೆ.

ಬಾಬಾಸಾಹೇಬರು ಈ ವಿಷಯವನ್ನು ಪಕ್ಕಕ್ಕೆ ಇಟ್ಟವರಲ್ಲ. 1928ರಲ್ಲೇ ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ಹೆರಿಗೆ ಭತ್ಯೆ ಮಸೂದೆಯ ಪರವಾಗಿ ಮಾತಾಡಿದರು. 1942ರ ಜುಲೈ 20ರಂದು ನಾಗಪುರದಲ್ಲಿ ಸಾವಿರಾರು ದಲಿತ ಮಹಿಳೆಯರ ಮುಂದೆ ನಿಂತು, ಒಂದು ಸಮುದಾಯದ ಪ್ರಗತಿಯನ್ನು ಅದರ ಹೆಣ್ಣುಮಕ್ಕಳ ಪ್ರಗತಿಯಿಂದ ಅಳೆಯುತ್ತೇನೆ ಎಂದರು. ಹಿಂದೂ ಸಂಹಿತೆ ಮಸೂದೆ ಮುಂದೆ ಸಾಗದಾಗ 1951ರ ಸೆಪ್ಟೆಂಬರ್‌ನಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಆ ಮಸೂದೆಯ ಮುಖ್ಯ ಅಂಶಗಳಲ್ಲಿ ಒಂದು, ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು.

ಪ್ರತಿ ಏಪ್ರಿಲ್ 14ಕ್ಕೆ ನಾನು ಈ ಭಾಗವನ್ನು ಗಂಟಲು ಕಟ್ಟಿಕೊಂಡು ಹೇಳುತ್ತೇನೆ. ಎದುರಿಗೆ ಕೂತವರು ಚಪ್ಪಾಳೆ ತಟ್ಟುತ್ತಾರೆ.

ಆದರೆ 2009ರಲ್ಲಿ ಅಪ್ಪ ತೀರಿಕೊಂಡ ಮೇಲೆ, ಅವರು ಕಟ್ಟಿದ ಎರಡು ರೂಮಿನ ಮನೆಗೆ ಅಮ್ಮ ಮತ್ತು ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡವನು ಇದೇ ನಾನು. ಹಾಗೇ ನಡೆಯುವುದು ಎಂದು ಎಲ್ಲರೂ ಹೇಳಿದರು. ಅಕ್ಕನಿಗೆ ಒಂದು ಸೀರೆ, ಹತ್ತು ಸಾವಿರ ರೂಪಾಯಿ. 'ಅರಿಶಿನ ಕುಂಕುಮಕ್ಕೆ' ಎಂದರು ದೊಡ್ಡಪ್ಪ. ದೀಕ್ಷೆ ಪಡೆದ ಮನೆಯಲ್ಲಿ ಆ ಮಾತು ಬಂದಿದ್ದನ್ನು ಆಗ ಯಾರೂ ಗಮನಿಸಲಿಲ್ಲ, 22 ಪ್ರತಿಜ್ಞೆ ಬಾಯಿಪಾಠ ಇದ್ದ ನಾನೂ.

ಕಾನೂನು ತಿಳಿದಿರಲಿ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು, ಅದು 1956ರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲಿ, ಆಗ ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಟ್ಟಿತು. 2005ರ ತಿದ್ದುಪಡಿ ಅದನ್ನು ಇಡೀ ದೇಶಕ್ಕೆ ತಂದಿತು. ಹೆಸರು ಹಿಂದೂ ಉತ್ತರಾಧಿಕಾರ ಕಾಯ್ದೆ ಎಂದಿದ್ದರೂ ಬೌದ್ಧರಾದ ನಮಗೂ ಅದೇ ಅನ್ವಯ.

ಅಕ್ಕ ಹೆದರುಪುಕ್ಕಲಿ ಅಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರಲ್ಲ, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ಪಡೆಯಿತಲ್ಲ, ಆ ಗುಂಪಿನಲ್ಲಿ ಅವಳೂ ಇದ್ದಳು. ಸರ್ಕಾರದ ಹತ್ತಿರ ತನ್ನ ಪಾಲು ಬಿಡದವಳು ತಮ್ಮ ತೋರಿಸಿದ ಜಾಗದಲ್ಲಿ ಸಹಿ ಹಾಕಿದ್ದಳು. ತವರಿನ ಬಾಗಿಲು ಮುಚ್ಚಿಹೋದೀತು ಎಂಬ ಭಯಕ್ಕೆ ಯಾವ ಸಂಘವೂ ಇಲ್ಲ.

ಈ ಭಾನುವಾರ ಪಾಠ ಮುಗಿದ ಮೇಲೆ ಕೆಂಗೇರಿಗೆ ಹೋಗಿ ಅಕ್ಕನ ಹತ್ತಿರ ಇದನ್ನು ಎತ್ತಿದೆ.

"ಈಗ ಯಾಕೋ ಅದೆಲ್ಲ? ನೀನು ಚೆನ್ನಾಗಿದ್ರೆ ಸಾಕು ಕಣೋ" ಎಂದಳು. ಕಾಫಿ ತಂದಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅಮ್ಮಂದೂ ಸೇರಿಸಿದ್ರೆ ಆಗ ಎಷ್ಟು ಪಾಲು ಆಗ್ತಿತ್ತು?"

ಮೂರು ಎಂದೆ. ಅವಳು ಬೆರಳು ಮಡಿಸಿ ಎಣಿಸಿದಳು, ಮತ್ತೇನೂ ಹೇಳಲಿಲ್ಲ.

ಪತ್ರ ಬರಹಗಾರರನ್ನು ವಿಚಾರಿಸಿದ್ದೇನೆ. ದಾನಪತ್ರದ ದಾರಿ ಇದೆಯಂತೆ. ಮನೆಯಲ್ಲಿ ಮಾತುಕತೆ ನಡೆಯುತ್ತಿದೆ, ಸುಲಭವಾಗಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ 10ಕ್ಕೆ ಸಿಗಾಲೋವಾದ ಸುತ್ತ. ಗಂಡ ಹೆಂಡತಿಗೆ ಸಲ್ಲಿಸಬೇಕಾದ ಐದು ಕರ್ತವ್ಯಗಳಲ್ಲಿ 'ಇಸ್ಸರಿಯ' ಒಪ್ಪಿಸುವುದೂ ಒಂದು. ನಮ್ಮ 'ಐಶ್ವರ್ಯ'ವೂ ಅದೂ ಒಂದೇ ಮಾತು, ಮೂಲದ ಅರ್ಥ ಒಡೆತನ. ಇದರ ಬಗ್ಗೆ ಎಲ್ಲರೂ ಓದಿಕೊಂಡು ಬನ್ನಿ. ಪಾಠ ನಡೆಸಿಕೊಡುವವರು ಅಂದು ಲೋಟ ತೊಳೆಯುತ್ತಿದ್ದ ಮೂವರು ಉಪಾಸಿಕೆಯರು, ಒಪ್ಪಿಕೊಂಡಿದ್ದಾರೆ. ಟೀ ಮಾಡುವುದು ನಾನು. ಇನ್ನಿಬ್ಬರು ಉಪಾಸಕರು ಬೇಕು, ಹೆಸರು ಕೊಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.