ಔತಣದ ಅನ್ನ, ಹಸುವಿನ ಹೊಟ್ಟೆ: ಪಶುವೈದ್ಯರನ್ನು ಯಾವಾಗ ಕರೆಸಬೇಕು?



ಮದುವೆ, ಗೃಹಪ್ರವೇಶ, ಊರ ಜಾತ್ರೆ ಮುಗಿದ ಮಾರನೆಯ ದಿನ ಪಶುವೈದ್ಯರಿಗೆ ಒಂದು ಬಗೆಯ ಕರೆ ತಪ್ಪದೆ ಬರುತ್ತದೆ. "ನಿನ್ನೆ ಸಂಜೆ ಚೆನ್ನಾಗಿ ಹಾಲು ಕೊಟ್ಟಿತ್ತು, ಈಗ ಮೇವು ಮುಟ್ಟುತ್ತಿಲ್ಲ, ಮಲಗಿದ್ದು ಏಳುತ್ತಿಲ್ಲ" ಎಂಬುದು ದೂರು. ವಿಚಾರಿಸಿದರೆ, ಉಳಿದ ಅನ್ನ, ಪಾಯಸಗಳನ್ನು ಚೆಲ್ಲುವುದೇಕೆಂದು ಬಕೆಟ್ಟುಗಟ್ಟಲೆ ಹಸುವಿನ ಮುಂದೆ ಇಟ್ಟಿರುವುದು ತಿಳಿಯುತ್ತದೆ. ಅನ್ನ ಚೆಲ್ಲಬಾರದು ಎಂಬುದು ಒಳ್ಳೆಯ ಸಂಸ್ಕಾರವೇ. ಆದರೆ ಒಂದೇ ಸಲಕ್ಕೆ ಹೊಟ್ಟೆ ತುಂಬ ತಿಂದ ಅನ್ನ, ಸಾವಿರಾರು ರೂಪಾಯಿ ಬೆಲೆಬಾಳುವ ಹಸುವನ್ನು ಎರಡು ದಿನದೊಳಗೆ ಕೊಲ್ಲಬಲ್ಲದು. ಇದಕ್ಕೆ ಆಮ್ಲೀಯ ಅಜೀರ್ಣ ಎಂದು ಹೆಸರು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹಳಷ್ಟು ರಾಸುಗಳು ಉಳಿಯುತ್ತವೆ. ಆದ್ದರಿಂದ ಈ ವಿಷಯವನ್ನು ಸದಸ್ಯರೆಲ್ಲರೂ, ಮುಖ್ಯವಾಗಿ ಕೊಟ್ಟಿಗೆ ನೋಡಿಕೊಳ್ಳುವ ಮಹಿಳೆಯರು, ತಿಳಿದಿರುವುದು ಅಗತ್ಯ.

ಹೊಟ್ಟೆಯೊಳಗೆ ಏನಾಗುತ್ತದೆ?

ಹಸು, ಎಮ್ಮೆಗಳ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದಾದ ಮೆಲುಕು ಚೀಲ ಎಲ್ಲಕ್ಕಿಂತ ದೊಡ್ಡದು. ದೊಡ್ಡ ಮಿಶ್ರತಳಿ ಹಸುವಿನಲ್ಲಿ ಇದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಇದರೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನಾವು ಹಾಕುವ ಹುಲ್ಲನ್ನು ನಿಜವಾಗಿ ಜೀರ್ಣಿಸುವುದು ಇವೇ. ಹಸು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ಆಗ ಧಾರಾಳವಾಗಿ ಸುರಿಯುವ ಜೊಲ್ಲಿನಲ್ಲಿ ಸೋಡಾದಂತಹ ಕ್ಷಾರವಿದ್ದು, ಚೀಲದೊಳಗಿನ ಹುಳಿಯನ್ನು ಹತೋಟಿಯಲ್ಲಿಡುತ್ತದೆ.

ಅನ್ನ, ಹಿಟ್ಟು, ಕಾಳುಗಳು ಒಮ್ಮೆಲೇ ಹೆಚ್ಚಾಗಿ ಬಿದ್ದಾಗ ಈ ಏರ್ಪಾಡು ಕೆಡುತ್ತದೆ. ಪಿಷ್ಟವನ್ನು ತಿಂದು ಹುಳಿ ಮಾಡುವ ಸೂಕ್ಷ್ಮಜೀವಿಗಳು ಕೆಲವೇ ಗಂಟೆಗಳಲ್ಲಿ ವಿಪರೀತ ಬೆಳೆಯುತ್ತವೆ. ಇವು ಉತ್ಪಾದಿಸುವುದು ಲ್ಯಾಕ್ಟಿಕ್ ಆಮ್ಲ. ಹಾಲು ಹುಳಿಯಾಗುವುದೂ ಇದೇ ಆಮ್ಲದಿಂದ. ಹುಳಿ ಹಾಲನ್ನು ಸಂಘದಲ್ಲಿ ತಿರಸ್ಕರಿಸಬಹುದು. ಹಸು ತನ್ನ ಹೊಟ್ಟೆಯ ಹುಳಿಯನ್ನು ತಿರಸ್ಕರಿಸಲಾರದು. ಹುಲ್ಲು ಜೀರ್ಣಿಸುವ ಜೀವಿಗಳು ಸಾಯುತ್ತವೆ, ಚೀಲದ ಚಲನೆ ನಿಲ್ಲುತ್ತದೆ, ರಕ್ತದಲ್ಲಿರುವ ನೀರು ಹೊಟ್ಟೆಯೊಳಕ್ಕೆ ಸೆಳೆಯಲ್ಪಡುತ್ತದೆ. ಹೊಟ್ಟೆ ನೀರಿನಿಂದ ತುಂಬಿ ಕುಲುಕುತ್ತಿದ್ದರೂ ಮೈಯೆಲ್ಲ ಒಣಗಿ ಕಣ್ಣು ಗುಳಿ ಬೀಳುತ್ತದೆ. ಆಮ್ಲ ರಕ್ತಕ್ಕೆ ಸೇರಿದಾಗ ರಾಸು ನೆಲ ಹಿಡಿಯುತ್ತದೆ.

ಯಾವ ಪದಾರ್ಥಗಳಿಂದ ಅಪಾಯ?

ಅನ್ನ ಮಾತ್ರವಲ್ಲ, ಅಕ್ಕಿ, ರಾಗಿ, ಮೆಕ್ಕೆಜೋಳದ ಹಿಟ್ಟು, ಬೆಲ್ಲ, ಬ್ರೆಡ್ಡು, ಬೇಕರಿಯ ಉಳಿಕೆ, ರಾಶಿಗಟ್ಟಲೆ ಹಣ್ಣು ಇವೂ ಇದೇ ಕೆಲಸ ಮಾಡುತ್ತವೆ. ಇಡೀ ಕಾಳಿಗಿಂತ ಬೇಯಿಸಿದ್ದು, ನುಣ್ಣಗೆ ಬೀಸಿದ್ದು ಬೇಗ ಹುಳಿಯಾಗುತ್ತದೆ. ಸುಗ್ಗಿಯಲ್ಲಿ ಹಗ್ಗ ಬಿಚ್ಚಿಕೊಂಡು ಕಣಕ್ಕೆ ನುಗ್ಗಿದ ಹಸು, ರಾತ್ರಿ ಪಶು ಆಹಾರದ ಚೀಲಕ್ಕೆ ಬಾಯಿ ಹಾಕಿದ ಎಮ್ಮೆ ಇದೇ ತೊಂದರೆಗೆ ಸಿಗುತ್ತವೆ. ಎಷ್ಟು ಕಿಲೋ ತಿಂದರೆ ಅಪಾಯ ಎಂದು ಒಂದೇ ಗೆರೆ ಎಳೆಯಲಾಗದು. ಒಣಹುಲ್ಲಿನ ಮೇಲಷ್ಟೇ ಇದ್ದ ರಾಸಿಗೆ ಸ್ವಲ್ಪವೇ ಹೆಚ್ಚಾದೀತು.

ತಿಂದ ಹೊತ್ತಿನಿಂದ ಗಂಟೆ ಎಣಿಸಿ

ಈ ರೋಗದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದು: ಹಸು ಮಲಗಿದಾಗಿನಿಂದ ಅಲ್ಲ, ತಿಂದಾಗಿನಿಂದ ಹೊತ್ತು ಲೆಕ್ಕ ಹಾಕಬೇಕು.

ಮೊದಲ ಕೆಲವು ಗಂಟೆ ಹಸು ಲವಲವಿಕೆಯಿಂದಲೇ ಕಾಣಬಹುದು. ಹೊಟ್ಟೆ ತುಂಬಿ ಬಿಗಿದಿರುತ್ತದೆ, ಅಷ್ಟೆ. ಎಂಟು ಹನ್ನೆರಡು ಗಂಟೆಯ ಸುಮಾರಿಗೆ ಮೆಲುಕು ನಿಲ್ಲುತ್ತದೆ, ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಹಾಲು ಇಳಿಯುತ್ತದೆ. ಅನಂತರ ಹುಳಿ ವಾಸನೆಯ ತೆಳು ಸಗಣಿ, ಕೆಲವೊಮ್ಮೆ ಕಾಳು ಕಾಳಾಗಿ, ಬೀಳುತ್ತದೆ. ನಡೆದರೆ ಕುಡಿದವರಂತೆ ತೂರಾಡುತ್ತದೆ. ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಯೊಳಗೆ ನೆಲ ಹಿಡಿದು, ಕತ್ತನ್ನು ಪಕ್ಕೆಗೆ ಒರಗಿಸಿಕೊಂಡು ಮಲಗಬಹುದು. ಇದನ್ನು ಕಂಡು ಹಾಲುಜ್ವರವೆಂದು ತಪ್ಪು ತಿಳಿಯುವುದುಂಟು. ಹಾಲುಜ್ವರ ಸಾಮಾನ್ಯವಾಗಿ ಕರು ಹಾಕಿದ ಮೂರು ದಿನದೊಳಗೆ ಬರುತ್ತದೆ. ಕರು ಹಾಕಿ ತಿಂಗಳುಗಳಾದ ಹಸು ಔತಣದ ಮಾರನೆಯ ದಿನ ಬಿದ್ದರೆ ಮೊದಲ ಸಂಶಯ ಹೊಟ್ಟೆಯ ಮೇಲಿರಲಿ.

ತಾವೇ ಮಾಡಿ ನೋಡಬಹುದಾದ ಪರೀಕ್ಷೆ

ಹಸುವಿನ ಎಡಪಕ್ಕೆಯ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ಗುಳಿ ಇದೆ. ಅಲ್ಲಿ ಮುಷ್ಟಿಯನ್ನು ಒತ್ತಿ ಹಿಡಿದು ಎರಡು ನಿಮಿಷ ನಿಲ್ಲಿ. ಆರೋಗ್ಯವಂತ ಹಸುವಿನಲ್ಲಿ ಅಷ್ಟರೊಳಗೆ ಎರಡು ಮೂರು ಸಲ ಅಲೆಯಂತೆ ಕೈಯನ್ನು ನೂಕುತ್ತದೆ. ಅಲೆ ಇಲ್ಲದಿದ್ದರೆ ಮೆಲುಕು ಚೀಲ ಕೆಲಸ ನಿಲ್ಲಿಸಿದೆ ಎಂದರ್ಥ. ಚೆನ್ನಾಗಿರುವ ದಿನಗಳಲ್ಲೇ ಇದನ್ನು ಅಭ್ಯಾಸ ಮಾಡಿಕೊಂಡರೆ ಕೆಟ್ಟ ದಿನದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಹೆಚ್ಚು ತಿಂದದ್ದು ಗೊತ್ತಾದ ಕೂಡಲೇ

1. ಉಳಿದ ಅನ್ನ, ಹಿಂಡಿ, ಬೂಸಾ ಎಲ್ಲವನ್ನೂ ದೂರ ಇಡಿ. ಒಣ ರಾಗಿ ಹುಲ್ಲು ಅಥವಾ ಭತ್ತದ ಹುಲ್ಲು ಮಾತ್ರ ಮುಂದಿಡಿ.

2. ರೋಗಲಕ್ಷಣಕ್ಕೆ ಕಾಯದೆ ಪಶುವೈದ್ಯರಿಗೆ ತಿಳಿಸಿ. ನೀರು ಎಷ್ಟು ಕುಡಿಸಬೇಕೆಂಬುದನ್ನೂ ಅವರಲ್ಲೇ ಕೇಳಿ.

3. ಹಸು ನಿಂತಿದ್ದರೆ ಆಗಾಗ ನಿಧಾನವಾಗಿ ನಡೆದಾಡಿಸಿ.

4. ವೈದ್ಯರು ಬರುವುದು ತಡವಾಗುವುದಾದರೆ, ಅವರನ್ನು ಕೇಳಿಕೊಂಡು, ದೊಡ್ಡ ರಾಸಿಗೆ 100ರಿಂದ 150 ಗ್ರಾಂ ಅಡಿಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಬಹುದು. ಹಸು ನಿಂತು ಎಚ್ಚರವಾಗಿದ್ದು, ಸರಿಯಾಗಿ ನುಂಗುತ್ತಿದ್ದರೆ, ಹೊಟ್ಟೆ ಉಬ್ಬರಿಸಿರದಿದ್ದರೆ ಮಾತ್ರ ಇದು ಸಲ್ಲುತ್ತದೆ. ಇದು ಪ್ರಥಮ ಚಿಕಿತ್ಸೆಯೇ ಹೊರತು ಪೂರ್ಣ ಚಿಕಿತ್ಸೆಯಲ್ಲ.

ಮಾಡಬಾರದ ಕೆಲಸಗಳು

ಮಲಗಿರುವ ಅಥವಾ ತೂರಾಡುವ ಹಸುವಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬೇಡಿ. ತಲೆಯನ್ನು ಮೇಲೆತ್ತಿ, ನಾಲಿಗೆ ಎಳೆದು ಕುಡಿಸಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಯ ರೋಗದಿಂದ ಉಳಿಯಬಹುದಾಗಿದ್ದ ಹಸು ಹಾಗೆ ಸತ್ತುಹೋಗುವುದುಂಟು. "ಸುಸ್ತಾಗಿದೆ" ಎಂದು ಗಂಜಿ, ರಾಗಿ ಅಂಬಲಿ, ಬೆಲ್ಲದ ನೀರು ಕೊಡಬೇಡಿ. ಅದು ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆ. ಹಿಂದೆ ಉಳಿದಿದ್ದ ಚುಚ್ಚುಮದ್ದನ್ನು ತಾವಾಗಿಯೇ ಹಾಕಬೇಡಿ.

ಕಾಯಬಹುದಾದದ್ದು ಯಾವುದು, ಕಾಯಬಾರದ್ದು ಯಾವುದು?

ಮೇವು ಬದಲಾದ ಕಾರಣಕ್ಕೆ ಹಸು ಸ್ವಲ್ಪ ಕಡಿಮೆ ತಿಂದು, ಸಗಣಿ ಒಂದಿಷ್ಟು ತೆಳುವಾಗಿದ್ದರೂ, ಮೆಲುಕು ಹಾಕುತ್ತಿದ್ದರೆ, ನೀರು ಕುಡಿಯುತ್ತಿದ್ದರೆ, ಕಿವಿ ಆಡಿಸುತ್ತ ಚುರುಕಾಗಿದ್ದರೆ, ಒಣಹುಲ್ಲು ಕೊಟ್ಟು ಮುಂದಿನ ಹಾಲು ಕರೆಯುವ ಹೊತ್ತಿನವರೆಗೆ ನೋಡಬಹುದು. ಆಗಲೂ ಸುಧಾರಿಸದಿದ್ದರೆ ವೈದ್ಯರನ್ನು ಕರೆಸಿ.

ಈ ಕೆಳಗಿನ ಯಾವುದೇ ಒಂದು ಕಂಡರೂ, ರಾತ್ರಿಯೇ ಆಗಿರಲಿ, ತಡಮಾಡಬೇಡಿ.

1. ಅನ್ನ, ಹಿಟ್ಟು, ಕಾಳು ಹೆಚ್ಚು ತಿಂದದ್ದು ಖಚಿತವಾಗಿದ್ದರೆ.

2. ಮೆಲುಕು ಪೂರ್ತಿ ನಿಂತಿದ್ದು, ಹುಳಿ ವಾಸನೆಯ ಭೇದಿ ಇದ್ದರೆ, ಅಥವಾ ಸಗಣಿಯೇ ಬೀಳದಿದ್ದರೆ.

3. ಕಣ್ಣು ಗುಳಿ ಬಿದ್ದು, ಕಿವಿ ತಣ್ಣಗಾಗಿ, ತೂರಾಡುತ್ತಿದ್ದರೆ ಅಥವಾ ಎದ್ದೇಳದಿದ್ದರೆ. ಸಾಮಾನ್ಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಈ ರೋಗ ಉಲ್ಬಣಿಸಿದಾಗ ಅದಕ್ಕಿಂತ ಇಳಿಯುತ್ತದೆ, ಜ್ವರವಿಲ್ಲವೆಂದು ನೆಮ್ಮದಿಯಿಂದಿರಬಾರದು.

4. ಎಡಪಕ್ಕೆಯ ಗುಳಿ ಡೋಲಿನಂತೆ ಉಬ್ಬಿ, ಬಾಯಿ ತೆರೆದು ಉಸಿರಾಡುತ್ತಿದ್ದರೆ. ಹಸಿ ಕುದುರೆ ಮಸಾಲೆ ಸೊಪ್ಪು, ಅಲಸಂದೆಯಂತಹ ದ್ವಿದಳ ಮೇವು ಹೆಚ್ಚಾದಾಗ, ಇಲ್ಲವೇ ಹಣ್ಣು ಗಡ್ಡೆಗಳು ಗಂಟಲಲ್ಲಿ ಸಿಕ್ಕಿದಾಗ ಹೀಗಾಗುತ್ತದೆ. ಇದು ಗಂಟೆಗಳಲ್ಲೇ ಪ್ರಾಣ ತೆಗೆಯಬಹುದು. ವೈದ್ಯರು ಬರುವವರೆಗೆ ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ.

5. ಹಾಲು ಏಕಾಏಕಿ ಇಳಿದು, ಬೆನ್ನು ಬಾಗಿಸಿ, ನಡೆಯಲು ನರಳುತ್ತಿದ್ದರೆ. ಮೊಳೆ, ತಂತಿ ನುಂಗಿರುವ ಸಂಭವವಿದೆ.

ವೈದ್ಯರಿಗೆ ಹೀಗೆ ತಿಳಿಸಿ

ಏನು ತಿಂದಿತು, ಅಂದಾಜು ಎಷ್ಟು, ಎಷ್ಟು ಗಂಟೆಗೆ, ಕರು ಹಾಕಿ ಎಷ್ಟು ದಿನವಾಯಿತು, ಗಬ್ಬವಿದೆಯೇ, ಕೊನೆಯ ಸಗಣಿ ಹೇಗಿತ್ತು, ಏನು ಕುಡಿಸಿದ್ದೀರಿ ಎಂಬುದನ್ನು ಮರೆಮಾಚದೆ ಹೇಳಿ. ಅನ್ನ ಇಟ್ಟದ್ದನ್ನು ಸಂಕೋಚದಿಂದ ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ. ತಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ಪಶುವೈದ್ಯರಿಗೆ ಕರೆ ದಾಖಲಿಸಬಹುದು. ಪಶುಪಾಲನಾ ಇಲಾಖೆಯ ಸಂಚಾರಿ ಪಶು ಚಿಕಿತ್ಸಾ ಸೇವೆಗೆ ಶುಲ್ಕರಹಿತ ದೂರವಾಣಿ ಸಂಖ್ಯೆ 1962.

ಚಿಕಿತ್ಸೆಯ ನಂತರ

ಹಸು ಎದ್ದು ಮೇವು ತಿಂದರೂ ಕೆಲವು ದಿನ ಒಣಹುಲ್ಲೇ ಪ್ರಧಾನವಾಗಿರಲಿ. ಪಶು ಆಹಾರವನ್ನು ಹಂತ ಹಂತವಾಗಿ ಹೆಚ್ಚಿಸಿ. ಗೊರಸಿನ ನೋವಿನಿಂದ ಕುಂಟುವುದು, ಗಬ್ಬದ ಹಸು ಕಂದು ಹಾಕುವುದು ಈ ರೋಗದ ನಂತರ ಸಂಭವಿಸಬಹುದು, ಗಮನವಿರಲಿ. ಜೀವನಿರೋಧಕ ಔಷಧಿ ಕೊಟ್ಟಿದ್ದರೆ, ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.

ಬಾರದಂತೆ ತಡೆಯುವುದೇ ಲಾಭ

ಯಾವುದೇ ಹೊಸ ಮೇವನ್ನು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿಸಿ. ಪಶು ಆಹಾರವನ್ನು ದಿನಕ್ಕೆ ಎರಡು ಮೂರು ಕಂತು ಮಾಡಿ, ಜೊತೆಗೆ ಹುಲ್ಲು ಕೊಡಿ. ಚೀಲಗಳಿರುವ ಕೋಣೆಗೆ ಚಿಲಕ ಹಾಕಿ. ಸಂಘದ ಪರೀಕ್ಷೆಯಲ್ಲಿ ಕೊಬ್ಬಿನಂಶ ಕಾರಣವಿಲ್ಲದೆ ಇಳಿಯುತ್ತಿದ್ದರೆ, ಹುಲ್ಲು ಕಡಿಮೆಯಾಗಿ ಹಿಟ್ಟು ಹೆಚ್ಚಾಗಿರುವ ಸೂಚನೆ ಅದಾಗಿರಬಹುದು. ಹೊಟ್ಟೆಯಲ್ಲಿ ಹುಳಿ ಏರುತ್ತಿರುವುದನ್ನು ಹಾಲೇ ಮುಂಚಿತವಾಗಿ ಹೇಳುತ್ತದೆ.

ಮನೆಯಲ್ಲಿ ಶುಭಕಾರ್ಯವಿದ್ದಾಗ, ಉಳಿದ ಅಡಿಗೆ ಯಾರ ಕೈಯಿಂದಲೂ ಕೊಟ್ಟಿಗೆಗೆ ಹೋಗಬಾರದೆಂದು ನೆಂಟರಿಗೂ ಕೆಲಸದವರಿಗೂ ಮೊದಲೇ ತಿಳಿಸಿ. ಗೋಗ್ರಾಸವೆಂದು ಕೊಡಬೇಕೆನಿಸಿದರೆ ಒಂದು ಹಿಡಿ ಸಾಕು. ಹೆಸರೇ ಹೇಳುವಂತೆ ಅದು ಒಂದು ತುತ್ತು. ಹೊಟ್ಟೆ ತುಂಬಲು ಹುಲ್ಲು ಇರಲಿ.