ರಾಬರ್ಟ್ ಜಾನ್ಸನ್ (1911–1938)

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಡೆಲ್ಟಾ ಬ್ಲೂಸ್ ಗಾಯಕ, ಗಿಟಾರ್ ವಾದಕ. ಜನನ ಹೇಜಲ್‌ಹರ್ಸ್ಟ್‌ನಲ್ಲಿ. ಧ್ವನಿಮುದ್ರಣ ನಡೆದದ್ದು ಎರಡೇ ಸಲ, ಎರಡೂ ಟೆಕ್ಸಾಸ್‌ನಲ್ಲಿ: 1936ರ ನವೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊದ ಗಂಟರ್ ಹೋಟೆಲಿನಲ್ಲಿ, 1937ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ. ಒಟ್ಟು 29 ಹಾಡುಗಳು. ಬದುಕಿದ್ದಾಗ ತಕ್ಕಮಟ್ಟಿಗೆ ಮಾರಾಟ ಕಂಡದ್ದು ‘ಟೆರಾಪ್ಲೇನ್ ಬ್ಲೂಸ್’. ಗ್ರೀನ್‌ವುಡ್ ಬಳಿ 27ನೇ ವಯಸ್ಸಿನಲ್ಲಿ ನಿಧನ. ವಿಷಪ್ರಾಶನದ ಮಾತು ದೃಢಪಟ್ಟಿಲ್ಲ. ಕವಲುದಾರಿಯಲ್ಲಿ ಸೈತಾನನಿಗೆ ಆತ್ಮ ಮಾರಿ ವಾದನ ಕಲಿತರೆಂಬುದು ಬರೀ ದಂತಕಥೆ.

ನಿಜವಾದ ಕೀರ್ತಿ ಮರಣಾನಂತರದ್ದು. 1961ರಲ್ಲಿ ಕೊಲಂಬಿಯಾ ಕಂಪನಿ ಹೊರತಂದ ‘ಕಿಂಗ್ ಆಫ್ ದ ಡೆಲ್ಟಾ ಬ್ಲೂಸ್ ಸಿಂಗರ್ಸ್’ ಎರಿಕ್ ಕ್ಲಾಪ್ಟನ್‌ರಂಥ ಬ್ರಿಟಿಷ್ ವಾದಕರನ್ನು ಗಾಢವಾಗಿ ಪ್ರಭಾವಿಸಿತು. 1986ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ.

ಎಚ್ಚರಿಕೆ: 1977ರ ವಾಯೇಜರ್ ನೌಕೆಯ ಚಿನ್ನಲೇಪಿತ ಧ್ವನಿಮುದ್ರಿಕೆಯಲ್ಲಿರುವುದು ಬ್ಲೈಂಡ್ ವಿಲ್ಲಿ ಜಾನ್ಸನ್ ಅವರ ಸಂಗೀತ, ರಾಬರ್ಟ್ ಅವರದಲ್ಲ.