ಅಕ್ಷರ ಬಾರದ ತಾಯಿಯೂ ಓದು ಕಲಿಸಬಹುದು



ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಸಂಘದ ಸಭೆಗಳಿಗೆ ಹೋದಾಗ ನಾವು ಪದೇ ಪದೇ ಕೇಳುವ ಮಾತಿದು: "ನಮ್ಮ ಹುಡುಗ ನಾಲ್ಕನೇತ್ತ ಅದಾನ್ರೀ ಸಿಸ್ಟರ್, ಒಂದು ಸಾಲು ಓದಾಕ ಬರಂಗಿಲ್ಲ. ನನಗ ಅಕ್ಷರನ ಗೊತ್ತಿಲ್ಲ, ನಾನೇನ್ ಕಲಸ್ಲಿ?" ಓದು ಬಾರದ ಮಗು ಎಲ್ಲ ಪಾಠದಲ್ಲೂ ಹಿಂದೆ ಬೀಳುತ್ತದೆ. ಆಮೇಲೆ ಶಾಲೆ ಬಿಡಿಸಿ ಕೂಲಿಗೆ ಕರೆದೊಯ್ಯುವುದು ಸುಲಭವಾಗಿಬಿಡುತ್ತದೆ. ಆದರೆ ನಿಮ್ಮ ಹತ್ತಿರ ಕಥೆಗಳಿವೆ.

ಹಂಪಿ-ಕಮಲಾಪುರ ದಾರಿಯ ಅಕ್ಕ-ತಂಗಿ ಗುಡ್ಡವನ್ನೇ ತೆಗೆದುಕೊಳ್ಳಿ. ಹಂಪಿ ನೋಡಲು ಬಂದ ಅಕ್ಕ-ತಂಗಿ ಹೊಟ್ಟೆಕಿಚ್ಚಿನಿಂದ ಊರನ್ನು ಹಳಿದು ಕಲ್ಲಾದರು ಎಂಬ ಕಥೆ. ರಾತ್ರಿ ಊಟದ ಹೊತ್ತಿಗೆ ಹೇಳಿ. ಮರುದಿನ ಮಗುವೇ ನಿಮಗೆ ಹೇಳಲಿ. ಅದು ಹೇಳಿದ ನಾಲ್ಕೈದು ಮಾತನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ಸಂಘದ ಲೆಕ್ಕ ಬರೆಯುವವರು, ಹೈಸ್ಕೂಲಿನ ಹುಡುಗಿ, ಯಾರು ಬರೆದರೂ ಆದೀತು. ಮಗು "ಬಂದಾರ" ಅಂದರೆ "ಬಂದಾರ" ಅಂತಲೇ ಇರಲಿ, ಮೊದಲ ದಿನವೇ ತಿದ್ದಬೇಡಿ.

ಈಗ ಬೆರಳಿಟ್ಟು ಓದಲಿ. ಅಕ್ಕ, ತಂಗಿ, ಗುಡ್ಡ: ಮೂರೇ ಪದ, ಅದರಲ್ಲಿ ಎರಡು ಒತ್ತಕ್ಷರ, ಒಂದು ಸೊನ್ನೆ! ಮಕ್ಕಳು ಎಡವುವುದೇ ಅಲ್ಲಿ. ಆದರೆ ಈ ಪದಗಳು ಮೊದಲೇ ಬಾಯಲ್ಲಿರುವುದರಿಂದ ಒತ್ತು ಎಲ್ಲಿ, ಯಾಕೆ ಬಂತೆಂದು ಬೇಗ ಹಿಡಿಯುತ್ತಾರೆ. ಕಥೆ ದಾರಿ ತಪ್ಪಿದರೆ ಅಕ್ಷರ ಬಾರದ ನಿಮಗೂ ತಿಳಿಯುತ್ತದೆ, ಕಥೆ ನಿಮ್ಮದೇ ಅಲ್ಲವೇ?

ಒಂದು ಎಚ್ಚರಿಕೆ. ಮಕ್ಕಳು ಜಾಣರು, ಕಾಗದ ನೋಡದೆ ಬಾಯಿಪಾಠ ಒಪ್ಪಿಸಿಬಿಡುತ್ತಾರೆ. ಸಾಲುಗಳನ್ನು ಕತ್ತರಿಸಿ, ಬೆರೆಸಿ ಕೊಡಿ, ಕಥೆಯಂತೆ ಜೋಡಿಸಲಿ. ಆಮೇಲೆ ಒಂದೊಂದೇ ಪದ. ಇದಕ್ಕೆ ಮಾತ್ರ ಓದುಬಲ್ಲವರು ಪಕ್ಕದಲ್ಲಿರಬೇಕು.

ಸಂಡೂರಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅಲ್ಲಿ ಮೊದಲು ಲಂಬಾಣಿಯಲ್ಲೇ ಹೇಳಿ. ಕಥೆ ತಿಳಿದ ಮೇಲೆ ಕನ್ನಡದಲ್ಲಿ ಬರೆದರೆ ಮಗುವಿಗೆ ಅಷ್ಟು ಭಯವಾಗದು. ಕಂಪ್ಲಿಯವರಿಗಂತೂ ಕುಮಾರರಾಮನಿದ್ದಾನೆ. ದಿಲ್ಲಿಯ ಸೈನ್ಯದೆದುರು ಕಂಪಿಲಿ ರಾಜ್ಯ ಬಿದ್ದದ್ದು 1327ರಲ್ಲಿ, ಕಥೆ ಮಾತ್ರ ಇನ್ನೂ ಜನರ ಬಾಯಲ್ಲಿದೆ. ಉದ್ದದ ಕಥೆ, ದಿನಕ್ಕೊಂದು ತುಣುಕು ಸಾಕು. ಮಲತಾಯಿ ರತ್ನಾಜಿಯ ಭಾಗವನ್ನು ದೊಡ್ಡವರಾದ ಮೇಲೆ ಕೇಳಲಿ ಬಿಡಿ!

ಮುಂದಿನ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳಿ. ಅತ್ತೆಯರನ್ನೂ ಅಜ್ಜಿಯರನ್ನೂ ಕರೆತನ್ನಿ. ಒಬ್ಬರು ಕಥೆ ಹೇಳಲಿ, ಬರೆಯಬಲ್ಲವರು ಬರೆದುಕೊಳ್ಳಲಿ. ನಾವು ಬರುವಾಗ ದಪ್ಪ ಹಾಳೆ, ಸ್ಕೆಚ್ ಪೆನ್ನು ತರುತ್ತೇವೆ.